ಒಣದ್ರಾಕ್ಷಿ ಶೆಡ್ಡಿನ ಯುದ್ಧ

ಐಗಳಿಯ ಒಣದ್ರಾಕ್ಷಿ ಶೆಡ್ಡಿನ ನೆರಳಿಗೆ ಹುಡುಗರು ಸುಮ್ಮನೆ ಕೂತಿದ್ದಾರೆ ಅನ್ನಬೇಡಿ; ಯುದ್ಧ ನಡೆದಿರುತ್ತದೆ. ಡೀಪ್ ಐಓ ಅಂತ, 2016ರ ಆಟ. ಬ್ರೌಸರ್ ತೆರೆದರೆ ಸಾಕು, ಡೌನ್‌ಲೋಡಿನ ರಗಳೆಯಿಲ್ಲ. ದುಂಡನೆಯ ಟ್ಯಾಂಕು, ಒಂದೇ ನಳಿಗೆ. ಚೌಕ, ತ್ರಿಕೋನ, ಪಂಚಕೋನ ಒಡೆಯುತ್ತ ಬಲಿಯಬೇಕು. ಪರೀಕ್ಷೆಯಲ್ಲಿ ಪಂಚಕೋನ ಕಂಡು ಬೆವೆತವನೇ ಇಲ್ಲಿ ಅದನ್ನು ಅಟ್ಟಿಸಿಕೊಂಡು ಹೋಗುತ್ತಾನೆ! 15ನೇ ಹಂತಕ್ಕೆ ಜೋಡಿ ನಳಿಗೆಯೋ ಸ್ನೈಪರೋ ಎಂಬ ಚಿಂತೆ. ಕನ್ಯಾ ನೋಡಲು ಹೋದಾಗಲೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮೊನ್ನೆ ಒಬ್ಬ ಹುಡುಗನ ಟ್ಯಾಂಕನ್ನು ಹಂತ 45ರ ಹೊಸ್ತಿಲಲ್ಲಿ ಯಾವನೋ ಹಿಂದಿನಿಂದ ಬಂದು ಉಡಾಯಿಸಿದ. ಹುಡುಗ ಹಲ್ಲು ಕಡಿದ.

“ಯಾರ ಮ್ಯಾಲೋ ಸಿಟ್ಟು?” ಅಂದರು ಮುತ್ಯಾ.

“ಯಾಂವ ಅನ್ನೂದ ಗೊತ್ತಿಲ್ಲ ಮುತ್ಯಾ. ಬ್ಯಾರೆ ದೇಶದಾಂವ ಇರಬೇಕು.”

“ಹಂಗಾರ ಬಿಡು. ನಮ್ಮ ಬಾಂದಿಗೆ ಬರೂದಿಲ್ಲ.”