ಐರಣಿಗೆ ಎಷ್ಟು ಅಕ್ಷರ?

ಹಬ್ಬಕ್ಕೆ ಐರಣಿಗೆ ಬಂದ ತಮ್ಮನ ಮಗಳು ಹೋಳಿಗೆ ಮುಗಿಸಿ ಕಟ್ಟೆಯ ಮೇಲೆ ಕೂತು, "ದೊಡ್ಡಪ್ಪ, ನಾ ಗೋ ಕಲಿಯಾಕತ್ತೀನಿ" ಅಂದಳು. ಗೋ ಎಂದರೆ ನಮಗೆ ಹಿತ್ತಲಲ್ಲಿ ಕಟ್ಟಿದ್ದು, ಇಲ್ಲವೇ ಹೊಲ ತುಂಬಿದ ಗೋವಿನಜೋಳ. ಅವಳದು ಮೂರನೆಯದು: ಗೂಗಲ್‌ನಲ್ಲಿ ಮೂವರು 2007ರಲ್ಲಿ ಶುರುಮಾಡಿ 2009ರಲ್ಲಿ ಲೋಕಕ್ಕೆ ಬಿಟ್ಟ ಕಂಪ್ಯೂಟರ್ ಭಾಷೆ. ಅದರ ಗುರುತಿನ ಪ್ರಾಣಿಯನ್ನೂ ತೋರಿಸಿದಳು. ಹಲ್ಲು ಬಿಟ್ಟ, ಬಿಲ ತೋಡುವ ನೀಲಿ ಗೋಫರ್. ಜೋಳ ಬೆಳೆಯುವವರ ಕಣ್ಣಿಗೆ ಅದು ಹೆಗ್ಗಣವೇ.

ಕನ್ನಡ ಮಾಸ್ತರಿಕೆ ಮಾಡಿದ ನನಗೆ ಪಠ್ಯಪುಸ್ತಕ ಎಲ್ಲಿ ಎಂಬುದೇ ಮೊದಲ ಚಿಂತೆ. ಡೊನೊವನ್, ಕರ್ನಿಘನ್ ಸೇರಿ 2015ರಲ್ಲಿ ತಂದ ದಪ್ಪ ಪುಸ್ತಕ ಬೆಂಗಳೂರಿನ ರೂಮಿನಲ್ಲಿದೆಯಂತೆ. (ದಪ್ಪ ಪುಸ್ತಕಗಳು ಯಾವಾಗಲೂ ರೂಮಿನಲ್ಲೇ ಇರುತ್ತವೆ.) ಇಲ್ಲಿ ಮೊಬೈಲೇ ಸಾಕು. 'ಟೂರ್ ಆಫ್ ಗೋ'ದಲ್ಲಿ ಪಾಠದ ಮಗ್ಗುಲಲ್ಲೇ ಬರೆದು ಓಡಿಸಬಹುದು. 'ಪ್ಲೇಗ್ರೌಂಡ್'ನಲ್ಲಿ ನಾವು ಬರೆದದ್ದನ್ನು ದೂರದ ಯಂತ್ರ ಓಡಿಸಿ ಉತ್ತರ ಕಳಿಸುತ್ತದೆ. ಆ ಅಂಗಳದಲ್ಲಿ ವೇಳೆ ಕೇಳಿದರೆ ಯಾವಾಗಲೂ 2009ರ ನವೆಂಬರ್ 10, ರಾತ್ರಿ 11. ಒಂದೇ ಲೆಕ್ಕಕ್ಕೆ ಪ್ರತಿ ಸಲವೂ ಒಂದೇ ಉತ್ತರ ಬರಲೆಂದು ಹಾಗೆ ಇಟ್ಟಿದ್ದಾರಂತೆ. ನಾನಿದ್ದ ಒಂದು ಶಾಲೆಯ ಗಡಿಯಾರವೂ ನಿಂತೇ ಇತ್ತು. ಇಂಥ ಒಳ್ಳೆ ಕಾರಣ ನಮಗೆ ಹೊಳೆದಿರಲಿಲ್ಲ.

ಮೊದಲ ಪಾಠ ಜಗತ್ತಿಗೆ ನಮಸ್ಕಾರ ಹೇಳುವಾಗ ಜಗತ್ತನ್ನು ಚೀನೀ ಅಕ್ಷರದಲ್ಲಿ ಬರೆದಿದೆ. ನಮ್ಮದೇನು ಕಡಿಮೆ? "ಐರಣಿ ಹಾಕು" ಅಂದೆ. ಹಾಕಿದಳು, ಮೂಡಿತು. ಉದ್ದ ಕೇಳಿದರೆ ಮಾತ್ರ 12 ಅಂತು! ಅದು ಬೈಟುಗಳ ಲೆಕ್ಕ, ನಮ್ಮ ಒಂದೊಂದು ಗುರುತಿಗೂ ಮೂರು. ಈ ಯುಟಿಎಫ್-8 ಏರ್ಪಾಡನ್ನು ಗೋ ಕಟ್ಟಿದ ಮೂವರಲ್ಲೇ ಇಬ್ಬರು, ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್, 1992ರಲ್ಲಿ ಊಟಕ್ಕೆ ಕೂತಾಗ ತಟ್ಟೆಯಡಿಯ ಹಾಳೆಯ ಮೇಲೆ ಗೀಚಿದ್ದರು. ಬೈಟು ಬಿಟ್ಟು 'ರೂನ್' ಎಣಿಸಿದಳು: 4. ನಾನು ಬೆರಳು ಮಡಚಿದೆ. ಐ ಗುರು, ರ ಲಘು, ಣಿ ಲಘು. ಭಗಣ, ನಾಲ್ಕು ಮಾತ್ರೆ! ಯಂತ್ರಕ್ಕೆ ಛಂದಸ್ಸು ಬರುತ್ತದೆಂದು ಹಿಗ್ಗಿದೆ. ರಾಣೆಬೆನ್ನೂರು ಹಾಕಿಸಿದರೆ ನನಗೆ ಎಂಟು, ಅದಕ್ಕೆ ಹನ್ನೆರಡು. ಅದು ಣ ಬೇರೆ, ಗುಡಿಸು ಬೇರೆ ಎಂದು ಎಣಿಸುತ್ತಿತ್ತು, ಅಷ್ಟೆ.

"ಲೆಕ್ಕದ ಡಬ್ಬಿಗೆ ಕನ್ನಡದಾಗ ಹೆಸರಿಡಬೌದಾ?" ಅಂದೆ. ಕುರಿ ಬೇಡ ಅಂತು. ಐರಣಿಯೂ ಬೇಡ. ಹೆಸರಿನಲ್ಲಿ ಅಕ್ಷರ, ಅಂಕಿ ಇಷ್ಟೇ ಇರಬೇಕು. ಅದರ ಪ್ರಕಾರ ಕೊಂಬು, ಗುಡಿಸು ಅಕ್ಷರವಲ್ಲ. ಕಾಗುಣಿತ ತಿದ್ದಿಯೇ ಪಿಂಚಣಿ ಪಡೆದವನ ಮುಂದೆ ಈ ಮಾತು! ತಲಕಟ್ಟಿನವೇ ಆದ ಮರ, ಹಣ, ದನ ನಡೆಯುತ್ತವೆ. ಸರಿ, 'ದನ' ಎಂದು ಹೆಸರಿಟ್ಟು ಅದರಲ್ಲಿ ಎರಡು ತುಂಬಿದಳು. ಮತ್ತೆ ಕೆಂಪು ಸಾಲು.

"ಈಗೇನಂತ?"

"ದನ ಕಟ್ಟೀರಿ, ಉಪಯೋಗಿಸಿಲ್ಲ ಅಂತೈತಿ, ದೊಡ್ಡಪ್ಪ. ಸುಮ್ಮನ ಇಟ್ಕೊಂಡ್ರ ಇದು ಮುಂದ ಹೋಗಂಗಿಲ್ಲ."

ಅಷ್ಟರಲ್ಲಿ ಹಿತ್ತಲಿಂದ ನನ್ನಾಕೆಯ ಕೂಗು: "ಹಾಲು ಹಿಂಡಾಕ ಬರ್ತೀರೋ ಇಲ್ಲೋ?"