ಬೇಗಾರಿನಲ್ಲಿ ಬೇಗ ಬೇಗ

ನಮ್ಮೂರ ಹೆಸರಲ್ಲೇ ‘ಬೇಗ’ ಇದೆ. ಆದರೆ ಬಸ್ಸಿನಿಂದ ಹಿಡಿದು ಹೋದ ಕರೆಂಟಿನವರೆಗೆ ಇಲ್ಲಿಗೆ ಬೇಗ ಬಂದದ್ದು ಯಾವುದೂ ಇಲ್ಲ. ಆ ಕೊರತೆಯನ್ನೀಗ ಭತ್ತ ಕೊಯ್ಯುವ ಮಿಷನ್ ನೀಗಿಸಿದೆ.

ಗದ್ದೆ ಉಳಿದದ್ದೇ ನಾಲ್ಕಾರು ಮನೆಯಲ್ಲಿ. ಮಿಕ್ಕವು ಅಡಿಕೆ ತೋಟವಾದವು. ಕೊಯ್ಲಿಗೆ ಆಳಿಲ್ಲ, ಆಗುಂಬೆ ಮೋಡ ಮಗ್ಗುಲಲ್ಲೇ. ಹಾಗಾಗಿ ತಮಿಳುನಾಡಿನ ಚೈನ್ ಮಿಷನ್ನಿಗೆ ಹೊಸ ಅಳಿಯನ ಉಪಚಾರ. ಬಾಡಿಗೆ ಗಂಟೆ ಲೆಕ್ಕ. ಗಂಟೆಗೆ 100 ರೂಪಾಯಿ ಇಳಿಸಲು ನೆರೆಮನೆಯವರು ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು. ಆಮೇಲೆ ಗದ್ದೆ ಅಂಚಿನ ಮೇಲೆ ನಿಂತು, ವಾಚು ನೋಡುತ್ತ, “ಓಡಿಸು ಮಾರಾಯ, ಓಡಿಸು!”

ಡ್ರೈವರ್ ಓಡಿಸಿದ. ಓಡಿಸಿದಷ್ಟೂ ಮಿಷನ್ನಿನ ಹೊಟ್ಟೆಗೆ ಹುಲ್ಲು ಒಟ್ಟೊಟ್ಟಾಗಿ ನುಗ್ಗುತ್ತದೆ, ಜರಡಿಗೆ ಪುರುಸೊತ್ತಿಲ್ಲ, ಕಾಳು ಹುಲ್ಲಿನ ಬೆನ್ನೇರಿ ಹಿಂಬಾಗಿಲಿನಿಂದ ಇಳಿದುಹೋಗುತ್ತದೆ. ಗಾಳಿ ಜಾಸ್ತಿ ಇಟ್ಟರೆ ಜೊಳ್ಳಿನ ಜೊತೆ ಗಟ್ಟಿಕಾಳೂ ಹಾರುತ್ತದೆ. ಇಬ್ಬನಿ ಆರದೆ ಗದ್ದೆಗಿಳಿದರಂತೂ ಕಾಳು ಹುಲ್ಲನ್ನು ಬಿಡಲೊಲ್ಲದು. ಬೀದರಿನ ಸೋಯಾಬೀನ್‌ಗೆ ಇದರ ತದ್ವಿರುದ್ಧ: ಸುಡುಬಿಸಿಲಲ್ಲಿ ಮಿಷನ್ ಮುಟ್ಟಿದರೆ ಕಾಯಿ ಪಟಪಟ ಸಿಡಿದು ಕಾಳು ಒಳಗೆ ಹೋಗುವ ಮೊದಲೇ ನೆಲ ಸೇರುತ್ತದೆ. ಬ್ಲೇಡು ತುಸು ಎತ್ತರವಾದರೆ ಬುಡದ ಕಾಯಿಗಳು ಗಿಡದಲ್ಲೇ ಬಾಕಿ.

ಮೊಮ್ಮಗಳ ಒಂದಡಿ ಸ್ಕೇಲು ಹಿಡಿದು ನಾನು ಮಿಷನ್ ಹಿಂದೆ ಹೋದೆ. ಬೆಳ್ಳಕ್ಕಿಗಳನ್ನು ಬಿಟ್ಟರೆ ಆ ಕಡೆ ಯಾರೂ ಸುಳಿದಿರಲಿಲ್ಲ. ಹುಲ್ಲು ಸರಿಸಿ, ಚದರಡಿ ಗೆರೆ ಎಳೆದು, ಮಂಡಿಯೂರಿ ಎಣಿಸಿದೆ. ಎಕರೆಗೆ 43,560 ಚದರಡಿ. 1,000 ಕಾಳು 25 ಗ್ರಾಂ ತೂಗುತ್ತದೆ ಅಂದುಕೊಳ್ಳಿ. ಸರಾಸರಿ ಚದರಡಿಗೆ 10 ಕಾಳು ಬಿದ್ದರೂ ಎಕರೆಗೆ ಹತ್ತಿರ ಹತ್ತಿರ 11 ಕೆ.ಜಿ. ಭತ್ತ ಹೋಯಿತು. ನನ್ನ ಚೌಕದಲ್ಲಿ 38 ಇದ್ದವು.

“ಅದು ಮಿಷನ್ ಬರುವ ಮೊದಲೇ ಉದುರಿದ್ದು” ಎಂದರು ನೆರೆಯವರು.

ನ್ಯಾಯವಾದ ಮಾತು. ಕೊಯ್ಯದ ಕಡೆ ಎಣಿಸಿ ಬಂದೆ: 3.

“ಹುಲ್ಲು ಬೀಳುವ ಸಾಲಲ್ಲಿ ಜಾಸ್ತಿ ಇರ್ತದೆ.”

ಅದೂ ನ್ಯಾಯವೇ. ಹಾಗಾದರೆ ಬ್ಲೇಡಿನ ಅಗಲಕ್ಕೂ ಅಲ್ಲಲ್ಲಿ ಎಣಿಸಿ ಸರಾಸರಿ ತೆಗೆಯುವ, ಐದು ನಿಮಿಷ ನಿಲ್ಲಿಸಿ ಎಂದೆ.

“ನಿಲ್ಲಿಸೋದಾ? ಮೀಟರ್ ಓಡ್ತಾ ಉಂಟು ಮಾರಾಯ್ರೆ!”

ಡ್ರೈವರೇ ವಾಸಿ. “ಸ್ಪೀಡ್ ಕಮ್ಮಿ ಮಾಡ್ಲಾ ಸಾರ್? ಕಾಳು ಬೀಳಲ್ಲ” ಎಂದು ಹರಕುಮುರುಕು ಕನ್ನಡದಲ್ಲಿ ಕೇಳಿದ. ನೆರೆಯವರಿಗೆ ಅದರಲ್ಲಿ ಗಂಟೆ ಎಳೆಯುವ ಸಂಚು ಕಂಡಿತು.

ನಮ್ಮಜ್ಜಿ ಕೊಯ್ಲಾದ ಗದ್ದೆಯಲ್ಲಿ ಮಡಿಲು ತುಂಬ ಹಕ್ಕಲು ಆಯ್ದು ತರುತ್ತಿದ್ದಳು. ತೆನೆಯಾದರೆ ಆಯಬಹುದು; ಹುಲ್ಲಿನಡಿಯ ಬಿಡಿಕಾಳನ್ನು ಆಯುವ ತಾಳ್ಮೆ ಈಗ ಪಾರಿವಾಳಕ್ಕೆ ಮಾತ್ರ.

ಡಿಸೆಂಬರಿನಲ್ಲಿ ಒಂದು ಅಕಾಲದ ಮಳೆ ಹೊಯ್ದಿತು. ವಾರದೊಳಗೆ ಮಿಷನ್ ಹೋದ ಜಾಡಿನುದ್ದಕ್ಕೂ ಎಳೆ ಹಸಿರು ಸಸಿ, ದಾರ ಹಿಡಿದು ಬಿತ್ತಿದ ಹಾಗೆ. ನೆರೆಯವರು ಅಂಚಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು.

“ಬಿತ್ತಿದ್ದಕ್ಕೆ ಅವ ಬೇರೆ ಬಾಡಿಗೆ ಕೇಳ್ಲಿಲ್ಲ ಮಾರಾಯ್ರೆ, ಪುಣ್ಯಾತ್ಮ.”