ಏಕಾಧ್ಯಾಯಿಯ ಸಮರ್ಥನೆ

ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸತಕ್ಕದ್ದೆಂದು ವಿಧಿಸಿದ ಮಹಾನುಭಾವರು ಯಾರೋ ನಾನರಿಯೆ. ಅವರಿಗೆ ಹೊಲಮನೆಯ ತಾಪತ್ರಯವಾಗಲಿ, ವಾಚನಾಲಯದ ಪುಸ್ತಕಕ್ಕೆ ದಂಡ ತೆರುವ ಭಯವಾಗಲಿ ಇದ್ದಿರಲಾರದೆಂಬುದು ಮಾತ್ರ ನಿಶ್ಚಯ. ನನ್ನ ಮಟ್ಟಿಗಾದರೋ, ಒಂದು ಕಾದಂಬರಿಯಿಂದ ಒಂದೇ ಅಧ್ಯಾಯವನ್ನು ಆರಿಸಿಕೊಂಡು, ಅದನ್ನು ಸಾವಧಾನವಾಗಿ ಆಸ್ವಾದಿಸಿ, ಮಿಕ್ಕುದನ್ನು ಅದರ ಪುಣ್ಯಕ್ಕೆ ಬಿಟ್ಟು, ಮುಂದಿನ ಕಾದಂಬರಿಗೆ ದಾಟುವ ಪದ್ಧತಿಯೇ ಪ್ರಶಸ್ತವಾದುದು. ಸವಣೂರಿನಲ್ಲಿ ಒಂದು ಪಾನಪಟ್ಟಿ ಮೆಲ್ಲಿದವನು ಎಲೆಬಳ್ಳಿಯ ತೋಟವನ್ನೇ ಕೊಳ್ಳಬೇಕೆಂದು ಯಾರೂ ಹಟ ಹಿಡಿಯುವುದಿಲ್ಲವಷ್ಟೆ.

ನಾನು ಹಾನಗಲ್ಲಿನ ನಿವಾಸಿಯಾಗಿರುವುದು ಈ ಪದ್ಧತಿಗೆ ಬಲವಾದ ಆಧಾರ. ನಮ್ಮೂರೇ ಪಾಂಡವರು ಅಡಗಿದ್ದ ವಿರಾಟನಗರವೆಂಬುದು ಇಲ್ಲಿಯ ಕೂಸಿಗೂ ಗೊತ್ತು. ಮಳೆ ಹಿಂಗಿದ ವರ್ಷ ನಾಡಿನಲ್ಲಿ ಭಾರತದ ಹದಿನೆಂಟು ಪರ್ವಗಳನ್ನೂ ಓದಿಸುತ್ತಾರೆಯೇ? ಇಲ್ಲ, ವಿರಾಟಪರ್ವವೊಂದನ್ನೇ ಓದಿಸುತ್ತಾರೆ, ಮತ್ತು ಉಳಿದ ಹದಿನೇಳನ್ನು ಕೇಳಿದ ಹೊರತು ಸುರಿಯೆನೆಂದು ಯಾವ ಮೋಡವೂ ತಕರಾರು ಮಾಡಿದ ದಾಖಲೆಯಿಲ್ಲ. ಸ್ವತಃ ಕುಮಾರವ್ಯಾಸನೇ ಹತ್ತು ಪರ್ವಗಳಿಗೆ ಲೇಖನಿ ಕೆಳಗಿಟ್ಟು, ಉಳಿದುದನ್ನು ತಿಮ್ಮಣ್ಣ ಕವಿಯ ಪಾಲಿಗೆ ಬಿಟ್ಟನು. ಹಿರೇಕೆರೂರಿನ ಸೀಮೆಯವರು ತಮ್ಮವನೆಂದು ಅಭಿಮಾನಪಡುವ ಸರ್ವಜ್ಞನಂತೂ ಮೂರು ಸಾಲಿಗಿಂತ ಮುಂದಕ್ಕೆ ಮಾತನ್ನು ಬೆಳೆಸಿದವನೇ ಅಲ್ಲ. ಇನ್ನು ಕನ್ನಡ ಕಾದಂಬರಿಯ ಪಿತಾಮಹರೆನಿಸಿದ ಗಳಗನಾಥರು (1869–1942) ಪಕ್ಕದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಹೊರಡಿಸುತ್ತ, ಅದರಲ್ಲಿ ಕಾದಂಬರಿಗಳನ್ನು ಕಂತುಕಂತಾಗಿ ಉಣಬಡಿಸಿದವರು. ಅಂಚೆಯಣ್ಣ ಒಂದು ತಿಂಗಳು ತಪ್ಪಿದನೆಂದರೆ ಕಥಾನಾಯಕ ಹೇಗೆ ಪಾರಾದನೆಂಬುದನ್ನು ಅಂದಿನ ವಾಚಕರು ತಾವೇ ಊಹಿಸಿಕೊಂಡು ಸುಖವಾಗಿದ್ದರಲ್ಲವೆ? ನಾನು ಮಾಡುತ್ತಿರುವುದೂ ಅಷ್ಟೇ.

ಪುಸ್ತಕ ತನ್ನಷ್ಟಕ್ಕೆ ಎಲ್ಲಿ ತೆರೆಯುವುದೋ ಅಲ್ಲಿ ಓದುವುದು ನನ್ನ ಕ್ರಮ. ತೇಜಸ್ವಿಯವರ ‘ಕರ್ವಾಲೊ’ (1980) ಕೊನೆಯಲ್ಲಿ ತೆರೆದುಕೊಂಡುದರಿಂದ ಹಾರುವ ಓತಿಯನ್ನು ನಾನು ಯಾರ ಶ್ರಮವೂ ಇಲ್ಲದೆ ಕಂಡೆನು. ಅದನ್ನು ಹುಡುಕಿಕೊಂಡು ಕಾಡು ಅಲೆದವರ ಬಗ್ಗೆ ನನಗೆ ಮರುಕವಿದೆ. ಈಚಿನವರಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಮಾತ್ರ ನನ್ನನ್ನು ಧರ್ಮಸಂಕಟಕ್ಕೆ ನೂಕಿತು: ಅಷ್ಟು ಕಿರಿಯ ಪುಸ್ತಕದಲ್ಲಿ ಒಂದೇ ಅಧ್ಯಾಯಕ್ಕೆ ನಿಲ್ಲಬೇಕಾದರೆ ಅಸಾಧಾರಣವಾದ ಆತ್ಮಸಂಯಮ ಬೇಕು.

ಈ ಸಿದ್ಧಾಂತಕ್ಕೆ ಬಹಿರಂಗ ಪರೀಕ್ಷೆಯೊದಗಿದುದು ಹಾನಗಲ್ಲಿನಿಂದ ಬಂಕಾಪುರದ ಮೇಲೆ ಸವಣೂರಿಗೆ ಹೋಗುವ ಬಸ್ಸಿನಲ್ಲಿ. ಕಂಕುಳಲ್ಲಿ ಕಾರಂತರ ‘ಮರಳಿ ಮಣ್ಣಿಗೆ’ ಇದ್ದಿತು. ಪಕ್ಕದಲ್ಲಿ ಬಿಳಿ ಟೊಪ್ಪಿಗೆಯ ಯಜಮಾನರೊಬ್ಬರು ಹೊದಿಕೆಯ ಮೇಲೆ ಕಣ್ಣಾಡಿಸಿ, “ರಾಮನ ಕಥಿ ಅಲ್ಲೇನ್ರಿ ಸರ ಅದು? ನಾನೂ ಓದೇನಿ, ಭಾಳ ಛಲೋ ಐತಿ,” ಎಂದರು.

“ಹೌದ್ರೀ ಯಜಮಾನ್ರ. ಪಾಪ, ಓದಿದ ಹುಡುಗ. ನೌಕರಿ ಇಲ್ದ ಅಲೀತಾನ,” ಎಂದೆನು ನಾನು.

ಯಜಮಾನರು ನನ್ನನ್ನು ದಿಟ್ಟಿಸಿದರು. “ಹುಡುಗ ಎಲ್ಲಿಂದ ಬಂದಾನ್ರೀ? ವಯಸ್ಸಾದ ಐತಾಳ ಅಂವ. ಪೌರೋಹಿತ್ಯ ಮಾಡ್ತಾನ. ಮ್ಯಾಲ ಎರಡು ಹೆಂಡ್ರು!”

ಎರಡು ಹೆಂಡಿರು! ನಾನು ಬಲ್ಲ ರಾಮನಿಗೆ ತನ್ನೊಬ್ಬನ ಹೊಟ್ಟೆಯನ್ನು ಹೊರೆಯುವುದೇ ದುಸ್ತರವಾಗಿರಲು, ಅವನು ಯಾವ ಧೈರ್ಯದಿಂದ ಎರಡು ಸಲ ಹಸೆಮಣೆಯೇರಿದನು? ನಾನು ಓದದೆ ಬಿಟ್ಟ ಪುಟಗಳಲ್ಲಿ ಇಂಥ ಅನಾಹುತ ನಡೆದಿರಬಹುದೆಂಬ ಶಂಕೆ ಒಂದು ಕಡೆ, ಸಚ್ಚರಿತನಾದ ನನ್ನ ತರುಣನ ಮೇಲೆ ಬಂದ ಅಪವಾದವನ್ನು ನಿವಾರಿಸಬೇಕೆಂಬ ಛಲ ಇನ್ನೊಂದು ಕಡೆ. ಅವನು ಕಾಲೇಜು ಕಲಿತವನೆಂದು ನಾನು ಸಾರಿದೆನು; ಆ ವಯಸ್ಸಿನಲ್ಲಿ, ಆ ಸಂಸಾರದ ಗದ್ದಲದಲ್ಲಿ, ಐತಾಳನು ಕಾಲೇಜಿಗೆ ಹೋಗುವುದು ಅಸಂಭವವೆಂದು ಅವರು ಖಂಡಿಸಿದರು. ಬಹುಶಃ ವೃದ್ಧಾಪ್ಯದಲ್ಲಿ ವಿದ್ಯಾಸಕ್ತಿ ಹುಟ್ಟಿರಬೇಕೆಂದು ನಾನು ರಾಜಿಗೆ ಇಳಿದೆನು. ಹಾಗಾದರೆ ಹೆಂಡಿರನ್ನು ಯಾರ ವಶಕ್ಕೆ ಬಿಟ್ಟು ಹೋದನೆಂದು ಅವರು ಸವಾಲೆಸೆದರು. ಹಿಂದಿನ ಸೀಟಿನವರು ಎದ್ದು ನಿಂತು ಆಲಿಸತೊಡಗಿದರು. ಚಿಲ್ಲರೆ ಹಂಚುತ್ತ ಬಂದ ಕಂಡಕ್ಟರು ಉಭಯಪಕ್ಷಗಳ ವಾದವನ್ನೂ ನಿರ್ಲಿಪ್ತನಾಗಿ ಕೇಳಿ, “ಇದರಾಗ ಏನೈತ್ರೀ? ಎರಡು ಹೆಂಡ್ರ ಕಾಟಕ್ಕ ಊರು ಬಿಟ್ಟಾನ, ಕಾಲೇಜಿಗೆ ಸೇರ್ಯಾನ,” ಎಂದು ತೀರ್ಪಿತ್ತನು. ಆ ವ್ಯಾಖ್ಯಾನದ ಸೌಷ್ಠವಕ್ಕೆ ನಾವಿಬ್ಬರೂ ಮನಸೋತು ಒಪ್ಪಿಗೆ ಸೂಚಿಸಿದೆವು.

ಬಸ್ಸು ಬಂಕಾಪುರದಲ್ಲಿ ನಿಂತಿತು. ಜಿನಸೇನಾಚಾರ್ಯರು ಅರ್ಧಕ್ಕೆ ಬಿಟ್ಟ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಪೂರೈಸಲಾಗಿ, ಶಕ 820ರಲ್ಲಿ ಆ ಗ್ರಂಥಕ್ಕೆ ಪೂಜೆ ಸಂದ ಊರಿದು. ಅಪೂರ್ಣವಾದುದನ್ನು ಪೂರ್ಣಗೊಳಿಸುವ ಗುಣ ಇಲ್ಲಿಯ ನೀರಿನಲ್ಲಿಯೇ ಇರಬೇಕು. ಏಕೆಂದರೆ ಮುಂದಿನ ಸೀಟಿನಲ್ಲಿ ಇದುವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ ನಡುವಯಸ್ಸಿನ ಹೆಣ್ಣುಮಗಳೊಬ್ಬಳು, ಅಲ್ಲಿಯೇ ಇಳಿಯಬೇಕಾದವಳು, ಚೀಲವನ್ನು ಎತ್ತಿಕೊಳ್ಳುತ್ತ ನಮ್ಮ ಕಡೆಗೆ ತಿರುಗಿದಳು.

“ಅಣ್ಣಾರ, ಅಂವ ಅಜ್ಜ, ಇಂವ ಮೊಮ್ಮಗ. ಅಜ್ಜನ ಹೆಸರು ಮೊಮ್ಮಗಗ ಇಟ್ಟಾರ, ಅಷ್ಟ. ಇಬ್ಬರ ನಡುವ ನಾಗವೇಣಿ ಅಂತ ಸೊಸಿ ಒಬ್ಬಾಕಿ ಅದಾಳಲ್ರೀ. ಗಂಡ ಲಚ್ಚ ಆಸ್ತಿ ಎಲ್ಲಾ ಹಾಳು ಮಾಡಿದ ಮ್ಯಾಲೆ ಆ ಹುಡುಗನ್ನ ಜ್ವಾಪಾನ ಮಾಡಿದಾಕಿ ಆಕೀನ. ಇಬ್ಬರೂ ಇಷ್ಟೊತ್ತು ಜಗಳಾಡಿದ್ರಿ, ಒಬ್ಬರಿಗೂ ಆಕಿ ಸಿಗಲಿಲ್ಲೇನ್ರಿ?”

ಅಷ್ಟು ಹೇಳಿ ಇಳಿದುಹೋದಳು. ಯಜಮಾನರು ಟೊಪ್ಪಿಗೆ ತೆಗೆದು ತಲೆ ಸವರಿಕೊಂಡರು. ಕಂಡಕ್ಟರನು ತನ್ನ ತೀರ್ಪನ್ನು ಹಿಂತೆಗೆದುಕೊಳ್ಳದೆಯೇ ಸೀಟಿ ಊದಿದನು. ನನಗೆ ಮಾತ್ರ ನಗು ಬರಲಿಲ್ಲ. ಎರಡು ರಾಮರನ್ನು ಒಬ್ಬನನ್ನಾಗಿ ಕಲಸುವಾಗ ನಾವು ಅಳಿಸಿದ್ದು ಒಬ್ಬ ಹೆಂಗಸಿನ ಇಡೀ ಆಯುಷ್ಯವನ್ನು. ನಮ್ಮ ಮನೆತನಗಳ ಕಥೆಯನ್ನು ನಾವು ಹೇಳುವ ರೀತಿಯೂ ಇದೇ ತಾನೆ? ಅಜ್ಜ ಗಳಿಸಿದನು, ಮೊಮ್ಮಗ ಓದಿದನು. ನಡುವಣ ಮೂವತ್ತು ವರ್ಷ ಒಲೆ ಹೊತ್ತಿಸಿದವರ ಅಧ್ಯಾಯ ಯಾರ ಕೈಯಲ್ಲಿಯೂ ತೆರೆದುಕೊಳ್ಳುವುದಿಲ್ಲ.

ಆದರೂ ಇದನ್ನು ಕೇಳಿ ಸಂತೋಷಿಸಬೇಕಾದವರು ಪೂರ್ಣಪಾಠಿಗಳೆನಿಸಿಕೊಳ್ಳುವ ನನ್ನ ಮಿತ್ರರಲ್ಲ. ಆಕೆ ಕಾದಂಬರಿಯ ಕೊನೆಯನ್ನು ಹೇಳದೆ ಇಳಿದಳು. ಇವರಾದರೋ, ನಾನು ಪುಸ್ತಕವನ್ನು ಕೈಗೆತ್ತಿಕೊಂಡೊಡನೆ ಕೊನೆಯನ್ನೇ ಹೇಳುವರು. ಇವರಿಗಿಂತಲೂ ಅಸಹ್ಯರಾದವರು, ಪುಸ್ತಕ ಬಿಡುಗಡೆಯ ಸಮಾರಂಭಗಳಲ್ಲಿ ಬೆನ್ನುಡಿಯನ್ನಷ್ಟೇ ಓದಿಕೊಂಡು ಬಂದು, ಲೇಖಕನ ಹೆಸರನ್ನೂ ತಪ್ಪಾಗಿ ಉಚ್ಚರಿಸುತ್ತ, ಸಭಿಕರ ಊಟದ ಹೊತ್ತು ಮೀರುವವರೆಗೆ ಭಾಷಣ ಬಿಗಿಯುವವರು. ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಗಳಗನಾಥರು ಊರೂರು ತಿರುಗಿ ಮಾರಿದರೆಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಅಂಥವರ ನಾಡಿನಲ್ಲಿ ಒಂದಧ್ಯಾಯವನ್ನಾದರೂ ಪೂರ್ತಿ ಓದುವ ನಾನು, ವೇದಿಕೆಯ ಈ ಮಹನೀಯರೊಡನೆ ಹೋಲಿಸಿದರೆ, ಘನ ಪಂಡಿತನೇ ಸರಿ.

ಆದುದರಿಂದ ಪದ್ಧತಿಯನ್ನು ನಾನು ತ್ಯಜಿಸಿಲ್ಲ. ಒಂದು ತಿದ್ದುಪಡಿಯನ್ನಷ್ಟೇ ಅಂಗೀಕರಿಸಿದ್ದೇನೆ. ಒಂದೇ ಅಧ್ಯಾಯವನ್ನು ಓದುವುದಾದರೆ ಅದು ನಡುವಿನದಾಗಿರತಕ್ಕದ್ದು. ಈ ನಿಯಮದ ಮೇರೆಗೆ, 1909ರಲ್ಲಿ ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರ ‘ಸಮರಸವೇ ಜೀವನ’ವನ್ನು ಮೇಜಿನ ಮೇಲೆ ಇಟ್ಟುಕೊಂಡು ಅದರ ನಡುವನ್ನು ಹುಡುಕುತ್ತಿದ್ದೇನೆ. ಅಷ್ಟು ಬೃಹತ್ತಾದ ಗ್ರಂಥದಲ್ಲಿ ಅದು ಎಲ್ಲಿದೆಯೆಂಬುದು ಪೂರ್ತಿ ಓದಿದ ಹೊರತು ತಿಳಿಯುವಂತೆ ತೋರುವುದಿಲ್ಲ.